ಟೊಯೊಟಾ ಟಕೋಮಾ ವಿ6 ಹಿಂದೆ 17 ಅಡಿ ಟ್ರೇಲರ್: ನಾಲ್ಕು ವರ್ಷ ಬಳಸಿದ ಮೇಲೆ

ಗಾಡಿ: ಮೂರನೇ ತಲೆಮಾರಿನ (2016–2023) ಟಕೋಮಾ ಪಿಕಪ್, 3.5 ಲೀಟರ್ ವಿ6, ಡಬಲ್ ಕ್ಯಾಬ್, ಫೋರ್ ವೀಲ್ ಡ್ರೈವ್, ಟೋ ಪ್ಯಾಕೇಜ್ (ಟ್ರೇಲರ್ ಎಳೆಯುವ ಸಜ್ಜು) ಸಮೇತ. ಟ್ರೇಲರ್: ಕ್ಯಾಂಪಿಂಗ್‌ನದು, ಫೈಬರ್‌ಗ್ಲಾಸ್ ಮೈ, ಒಂದೇ ಆಕ್ಸಲ್, ಸಾಮಾನು ತುಂಬಿ 3,500 ಪೌಂಡ್ ಮೀರುವಂತಿಲ್ಲ. ಓಡಾಟ ಕ್ಯಾಲಿಫೋರ್ನಿಯಾದ ಬೇ ಏರಿಯಾದಿಂದ ಟಾಹೋ, ಯೊಸೆಮಿಟಿ ಕಡೆಗೆ.

ಬ್ರೋಷರ್‌ನಲ್ಲಿ 6,400 ಪೌಂಡ್ ಎಳೆಯುತ್ತದೆ ಅಂತಿದೆ. ಎಳೆಯುತ್ತದೆ, ಸುಳ್ಳಲ್ಲ. ಆದರೆ ಎಳೆಯುವುದು ಬೇರೆ, ಹೊರುವುದು ಬೇರೆ. ಸಣ್ಣ ಪಿಕಪ್ ಸೋಲುವುದು ಹೊರುವುದರಲ್ಲಿ. ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ: ಜನ, ಸಾಮಾನು ಎಲ್ಲ ಸೇರಿ ಇಷ್ಟು ಪೌಂಡ್ ಮೀರಬಾರದು ಎಂದು. ನಮ್ಮ ಗಾಡಿಯಲ್ಲಿ ಅದು 1,100. ಪಕ್ಕದ ಮನೆಯ ಟಕೋಮಾದಲ್ಲಿ ಬೇರೆ ಅಂಕಿ ಇರಬಹುದು, ಹಾಗಾಗಿ ನಿಮ್ಮ ಬಾಗಿಲನ್ನೇ ನೋಡಿ.

ಈಗ ಕಳೆಯುತ್ತಾ ಬನ್ನಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು 420. ಹಿಂದಿನ ಬೆಡ್ (ಸಾಮಾನಿನ ತೊಟ್ಟಿ) ಮೇಲಿನ ಫೈಬರ್ ಕ್ಯಾನೊಪಿ, ಅಂದರೆ ಮುಚ್ಚಳ, 180. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ (ಟ್ರೇಲರ್ ಕಟ್ಟುವ ಕೊಂಡಿ, ಇದರ ಬಾರ್ ಬಿಗಿದರೆ ಭಾರ ಮುಂದಿನ ಚಕ್ರಕ್ಕೂ ಹಂಚುತ್ತದೆ) 80. ಕೂಲರ್, ಟೂಲ್ ಬಾಕ್ಸ್, 20 ಪೌಂಡಿನ ಅಕ್ಕಿ ಚೀಲ ಎಲ್ಲ ಸೇರಿ 60. ಉಳಿಯಿತು 360. ಟ್ರೇಲರ್ ಮೂತಿ ಹಿಚ್ ಮೇಲೆ ಊರುವ ಭಾರ, ಅಂದರೆ ಟಂಗ್ ವೇಟ್, ಈ 360ರೊಳಗೇ ಇರಬೇಕು. ಟ್ರೇಲರ್ ನೆಟ್ಟಗೆ ಓಡಲು ಅದರ ಒಟ್ಟು ತೂಕದ 10ರಿಂದ 15 ಶೇಕಡಾ ಮೂತಿಯಲ್ಲಿರಬೇಕು. 12 ಶೇಕಡಾ ಹಿಡಿದರೆ 360ಕ್ಕೆ ಹೊಂದುವ ಟ್ರೇಲರ್ 3,000 ಪೌಂಡಿನದು. 6,400 ಎಲ್ಲಿ, 3,000 ಎಲ್ಲಿ! ಕ್ಯಾನೊಪಿ ಒಂದನ್ನು ಇಳಿಸಿದರೆ ಅದೇ ಲೆಕ್ಕ 4,500ಕ್ಕೆ ಏರುತ್ತದೆ. ಮಾರುವವರು ಈ ಕಳೆಯುವ ಲೆಕ್ಕ ಹೇಳುವುದೇ ಇಲ್ಲ. ಮಕ್ಕಳನ್ನು ಕೂರಿಸಿಕೊಂಡು ಹೋಗುವ ಗಾಡಿಯ ವಿಷಯದಲ್ಲಿ ಇದು ತಪ್ಪು.

ಮೂತಿಯ ಭಾರದ ವಿಷಯ ಎತ್ತಿನ ಗಾಡಿ ಹೂಡಿದವರಿಗೆ ಹೊಸದಲ್ಲ. ಮುಂಭಾರ ಹೆಚ್ಚಾದರೆ ಎತ್ತಿನ ಹೆಗಲು ನೋಯುತ್ತದೆ, ಹಿಂಭಾರವಾದರೆ ಮೂಕಿ ಮೇಲೆದ್ದು ಕೊರಳು ಬಿಗಿಯುತ್ತದೆ. ಇಲ್ಲೂ ಹಾಗೆಯೇ. ಮುಂಭಾರ ಹೆಚ್ಚಾದರೆ ಪಿಕಪ್ ಹಿಂದೆ ಕುಸಿದು ಹೆಡ್‌ಲೈಟ್ ಆಕಾಶ ನೋಡುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ. ಹಿಂಭಾರವಾದರೆ ಟ್ರೇಲರ್ ಬಾಲ ಬೀಸುತ್ತದೆ, ಅದು ಹೆಚ್ಚು ಅಪಾಯ. ಕ್ಯಾಟಲಾಗ್‌ನ ಟಂಗ್ ವೇಟ್ ನಂಬಬೇಡಿ, ಅದು ಖಾಲಿ ಟ್ರೇಲರಿನದು. ತುಂಬಿದ ಎರಡು ಪ್ರೊಪೇನ್ ಸಿಲಿಂಡರ್ ಸುಮಾರು 74 ಪೌಂಡ್, ಲೆಡ್ ಆಸಿಡ್ ಬ್ಯಾಟರಿ 50ರ ಆಸುಪಾಸು. ಇವೆಲ್ಲ ಕೂರುವುದು ಮೂತಿಯ ಮೇಲೆಯೇ. ಒಂದು ಗ್ಯಾಲನ್ ನೀರು 8.34 ಪೌಂಡ್, ಅಂದರೆ 30 ಗ್ಯಾಲನ್ ಟ್ಯಾಂಕ್ ತುಂಬಿದರೆ 250. ಟ್ಯಾಂಕ್ ಆಕ್ಸಲ್‌ಗಿಂತ ಮುಂದಿದ್ದರೆ ಮುಂಭಾರ, ಹಿಂದಿದ್ದರೆ ಹಿಂಭಾರ. ನೀರನ್ನು ಕ್ಯಾಂಪ್‌ಗ್ರೌಂಡ್‌ನಲ್ಲೇ ತುಂಬಿಕೊಳ್ಳುವುದು ಒಳ್ಳೆಯದು.

ಮೂತಿಯ ಭಾರವನ್ನು ಮನೆಯಲ್ಲೇ ತೂಗಲು ಬಾತ್‌ರೂಮ್ ಸ್ಕೇಲ್ ಸಾಕು. ಗಟ್ಟಿ ಹಲಗೆಯ ಒಂದು ತುದಿಯ ಕೆಳಗೆ ಪೈಪ್ ತುಂಡು, ಇನ್ನೊಂದು ತುದಿಯ ಪೈಪ್ ಸ್ಕೇಲ್ ಮೇಲೆ, ನಡುವೆ ಮೂರು ಅಡಿ. ಸ್ಕೇಲ್‌ನಿಂದ ಎರಡು ಅಡಿ, ಇನ್ನೊಂದು ಪೈಪಿನಿಂದ ಒಂದು ಅಡಿ ಇರುವ ಜಾಗದಲ್ಲಿ ಟ್ರೇಲರ್ ಜ್ಯಾಕ್ (ಮೂತಿಯ ಊರುಗಾಲು) ಇಳಿಸಿ. ಬಂದ ಅಂಕಿಯನ್ನು ಮೂರರಿಂದ ಗುಣಿಸಿ. ಹಲಗೆ ಸಮತಟ್ಟಾಗಿರಲಿ, ಟ್ರೇಲರ್ ಚಕ್ರಕ್ಕೆ ಅಡೆ ಕೊಟ್ಟಿರಲಿ.

ಆಮೇಲೆ ಒಮ್ಮೆ ಟ್ರಕ್ ಸ್ಟಾಪ್‌ನ ಕ್ಯಾಟ್ ಸ್ಕೇಲ್‌ಗೆ (ಒಂದೊಂದು ಆಕ್ಸಲ್‌ನ ಭಾರ ಬೇರೆ ಬೇರೆ ತೋರಿಸುವ ಲಾರಿ ತಕ್ಕಡಿ) ಹೋಗಲೇಬೇಕು. ನಮ್ಮ ಜೋಡಿಯ ಅಂಕಿ ಹೀಗಿದೆ. ಪಿಕಪ್ ಒಂದೇ: ಮುಂದೆ 2,720, ಹಿಂದೆ 2,520. ಹಿಚ್ ಬಾರ್ ಹಾಕದೆ ಟ್ರೇಲರ್ ಕಟ್ಟಿದಾಗ: ಮುಂದೆ 2,580, ಹಿಂದೆ 3,020, ಟ್ರೇಲರ್ ಆಕ್ಸಲ್ 2,640. ಪಿಕಪ್ ಮೇಲೆ ಹೆಚ್ಚಾದದ್ದು 360, ಅದೇ ಟಂಗ್ ವೇಟ್. ಬಾರ್ ಬಿಗಿದಾಗ: 2,660, 2,880, 2,700. ಮುಂದಿನ ಚಕ್ರ ಕಳೆದುಕೊಂಡಿದ್ದ 140ರಲ್ಲಿ 80 ವಾಪಸ್ ಬಂತು. ಸ್ಟೀರಿಂಗ್‌ಗೆ ಹಿಡಿತ ಬರುವುದು ಇದರಿಂದಲೇ. ಆದರೆ ಬಾರ್ ಬಿಗಿದರೆ ಚೀಟಿಯ 1,100 ಹೆಚ್ಚುವುದಿಲ್ಲ. ಹಿಂದಿನ ಸ್ಪ್ರಿಂಗ್‌ಗೆ ಆಸರೆಯಾಗಿ ಗಾಳಿಚೀಲ (ಏರ್‌ಬ್ಯಾಗ್ ಸಸ್ಪೆನ್ಷನ್) ಹಾಕಿದರೂ ಅಷ್ಟೇ: ಕುಸಿತ ಮರೆಯಾಗುತ್ತದೆ, ಮಿತಿ ಅಲ್ಲೇ ಇರುತ್ತದೆ.

ಎಂಜಿನ್ ಬಗ್ಗೆ. 278 ಅಶ್ವಶಕ್ತಿ ಇರುವುದು ಸಮುದ್ರಮಟ್ಟದಲ್ಲಿ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು 3 ಶೇಕಡಾ ಕಳೆದುಕೊಳ್ಳುತ್ತದೆ, ಹಾಗಾಗಿ ಟಾಹೋ ದಾರಿಯಲ್ಲಿ ಸುಮಾರು 7,200 ಅಡಿ ಎತ್ತರದ ಡಾನರ್ ಸಮಿಟ್‌ ಘಟ್ಟದಲ್ಲಿ ಸಿಗುವುದು 220ರ ಆಸುಪಾಸು. ಗೇರನ್ನು ಡಿ ನಲ್ಲೇ ಬಿಟ್ಟರೆ ಐದು, ಆರರ ನಡುವೆ ಎಡತಾಕುತ್ತಾ ಟ್ರಾನ್ಸ್‌ಮಿಷನ್ ಬಿಸಿಯಾಗುತ್ತದೆ. ಎಸ್ ಮೋಡ್‌ಗೆ (ಗೇರ್ ಮಿತಿಯನ್ನು ನಾವೇ ಹಾಕುವ ಮೋಡ್) ಎಳೆದು ನಾಲ್ಕಕ್ಕೆ ನಿಲ್ಲಿಸಿ. 4,000 ಆರ್‌ಪಿಎಂ ಶಬ್ದಕ್ಕೆ ಹೆದರಬೇಕಿಲ್ಲ. ಇಳಿಜಾರಿನಲ್ಲೂ ಗೇರ್‌ನಲ್ಲೇ ಇಳಿಸಿ. ಮೈಲೇಜ್ ಗ್ಯಾಲನ್ನಿಗೆ 11–12 ಮೈಲಿ, 21 ಗ್ಯಾಲನ್ ಟ್ಯಾಂಕಿಗೆ 200 ಮೈಲಿ ದಾಟುವ ಮೊದಲೇ ಬಂಕ್ ನೋಡಿಕೊಳ್ಳಿ. ಎಂಟು ಅಡಿ ಅಗಲದ ಚೌಕಾಕಾರದ ಟ್ರೇಲರ್ ಆದರೆ ತೂಕ ಇಷ್ಟೇ ಇದ್ದರೂ ಗಾಳಿಯ ತಡೆಗೆ ಮೈಲೇಜ್ ಇನ್ನೂ ಕಡಿಮೆ ಬರುತ್ತದೆ, ಹೆಚ್ಚುವರಿ ಕನ್ನಡಿಯೂ ಬೇಕು.

ಈ ತಲೆಮಾರಿನಲ್ಲಿ ಟ್ರೇಲರ್ ಬ್ರೇಕ್ ಕಂಟ್ರೋಲರ್ (ಟ್ರೇಲರ್ ಚಕ್ರದ ಬ್ರೇಕನ್ನು ಡ್ರೈವರ್ ಸೀಟಿನಿಂದ ನಡೆಸುವ ಸಾಧನ) ಗಾಡಿಯ ಜೊತೆ ಬರುವುದಿಲ್ಲ. ಟೆಕೋನ್ಷಾ ಪ್ರಾಡಿಜಿ ಪಿ3ಯಂಥ ಪ್ರಪೋರ್ಷನಲ್ ಮಾದರಿ (ಗಾಡಿ ಎಷ್ಟು ಜೋರಾಗಿ ನಿಲ್ಲುತ್ತದೋ ಅಷ್ಟಕ್ಕೆ ತಕ್ಕಂತೆ ಟ್ರೇಲರ್ ಬ್ರೇಕ್ ಹಿಡಿಯುವಂಥದ್ದು) ಹಾಕಿಸಿ. ಖಾಲಿ ಜಾಗದಲ್ಲಿ 25 ಮೈಲಿ ವೇಗದಲ್ಲಿ ಅದರ ಕೈ ಲಿವರ್ ಮಾತ್ರ ಒತ್ತಿ ನೋಡಿ. ಟ್ರೇಲರ್ ಚಕ್ರ ಲಾಕ್ ಆದರೆ ಗೇನ್ (ಟ್ರೇಲರ್ ಬ್ರೇಕಿನ ಬಲ) ಇಳಿಸಿ, ಗಾಡಿ ತಡೆದಂತೆ ಅನಿಸದಿದ್ದರೆ ಏರಿಸಿ. ಮಳೆಯಲ್ಲಿ ಮತ್ತೆ ಸರಿಮಾಡಿಕೊಳ್ಳಬೇಕು. ಬಾಲ ಬೀಸಿದರೆ ಕಾಲಿನ ಬ್ರೇಕ್ ಮುಟ್ಟಬಾರದು, ಸ್ಟೀರಿಂಗ್ ನೆಟ್ಟಗೆ ಹಿಡಿದು, ಆಕ್ಸಿಲರೇಟರ್ ಬಿಟ್ಟು, ಇದೇ ಲಿವರ್ ಒತ್ತಬೇಕು.

ಟ್ರೇಲರ್ ಟೈರಿನ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗ ಟೈರಿನ ಮೇಲೆ ಬರೆದ ಗರಿಷ್ಠ ಅಂಕಿಗೆ ತುಂಬಿಸಿ. ಗಾಳಿ ಕಡಿಮೆಯಾದರೆ ಟೈರು ಒಳಗೇ ಬಿಸಿಯಾಗಿ ಹೆದ್ದಾರಿಯಲ್ಲಿ ಸಿಡಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವಾಗ 55 ಮೈಲಿ ಮೀರುವಂತಿಲ್ಲ, ಟೈರಿಗೂ ಅದೇ ಹಿತ. ಚಕ್ರ ಬಿಚ್ಚಿ ಹಾಕಿದ್ದರೆ 10, 25, 50 ಮೈಲಿಗೆ ನಿಲ್ಲಿಸಿ ನಟ್‌ಗಳಿಗೆ ಟಾರ್ಕ್ ರೆಂಚ್ ಹಾಕಿ ನೋಡಿ.

ಇಬ್ಬರೇ ಹೋಗುವವರಿಗೆ ಈ ಜೋಡಿಗೆ ಐದಕ್ಕೆ ಐದು ಸ್ಟಾರ್. ಮಕ್ಕಳಿಬ್ಬರು, ನಾಯಿ, ಸೈಕಲ್ ಸಮೇತ ಹೊರಡುವವರಿಗೆ ಮೂರು, ಅದೂ ಕ್ಯಾನೊಪಿ ಇಳಿಸಿದರೆ.