ಒಂದೇ ದಿನ ಇದ್ದರೆ ಆಕ್ಸ್‌ಫರ್ಡೋ ಕೇಂಬ್ರಿಡ್ಜೋ?

ಲಂಡನ್‌ನಿಂದ ಎರಡಕ್ಕೂ ರೈಲಿನಲ್ಲಿ ಸುಮಾರು ಒಂದು ಗಂಟೆ. ಹಾಗಾಗಿ ದೂರ ನೋಡಿ ಆರಿಸಬೇಕಿಲ್ಲ.

ಮ್ಯೂಸಿಯಂ ಹುಚ್ಚಿದ್ದರೆ ಆಕ್ಸ್‌ಫರ್ಡ್. 1683ರಲ್ಲಿ ತೆರೆದ ಆಶ್ಮೋಲಿಯನ್ ಇದೆ. ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಅಳಿದುಹೋದ ಡೋಡೊ ಹಕ್ಕಿಯ ತಲೆ, ಕಾಲು ಉಳಿದಿವೆ. ಅದರ ಒಳಗಿಂದಲೇ ಪಿಟ್ ರಿವರ್ಸ್ ಮ್ಯೂಸಿಯಂಗೆ ದಾರಿ. ಅಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ ಲೋಕದ ಮೂಲೆಮೂಲೆಯ ವಸ್ತುಗಳು ಒತ್ತೊತ್ತಾಗಿ ತುಂಬಿವೆ. ಮಕ್ಕಳಿದ್ದರೆ ಇದನ್ನು ಬಿಡಲೇಬೇಡಿ. ಮೂರಕ್ಕೂ ಪ್ರವೇಶ ಉಚಿತ. ಕೇಂಬ್ರಿಡ್ಜ್‌ನ ಫಿಟ್ಸ್‌ವಿಲಿಯಂ ಕೂಡ ಉಚಿತ, ಚಿತ್ರಕಲೆಗೆ ಬಹಳ ಒಳ್ಳೆಯದು. ಆದರೆ ಸಾಮಾನ್ಯವಾಗಿ ಸೋಮವಾರ ರಜೆ.

ತೋಟ ಮುಖ್ಯವೇ? ಆಕ್ಸ್‌ಫರ್ಡ್‌ನದು 1621ರದು, ಬ್ರಿಟನ್‌ನಲ್ಲೇ ಹಳೆಯ ಸಸ್ಯೋದ್ಯಾನ, ಆದರೆ ಚಿಕ್ಕದು. ಕೇಂಬ್ರಿಡ್ಜ್‌ನದು 40 ಎಕರೆ, ಸ್ಟೇಷನ್‌ಗೂ ಹತ್ತಿರ. ಸುಮ್ನೆ ಓಡಾಡಲು ಅದೇ ಚೆಂದ. ಎರಡಕ್ಕೂ ಟಿಕೆಟ್ ಇದೆ.

ಗಣಿತ ಇಷ್ಟಪಡುವವರಿಗೆ ನ್ಯೂಟನ್, ರಾಮಾನುಜನ್ ಇದ್ದ ಟ್ರಿನಿಟಿ ಕಾಲೇಜು ಸಾಕು, ಅಲ್ವಾ? ಅವರು ಕೇಂಬ್ರಿಡ್ಜ್‌ಗೇ ಹೋಗಲಿ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೂ ಅಷ್ಟೇ: ಕ್ಯಾಮ್ ನದಿಯ ದೋಣಿಯಲ್ಲಿ ಕೂತೇ ಕಾಲೇಜುಗಳ ಹಿಂಭಾಗ ನೋಡಬಹುದು. ಮಳೆ ಬರುವಂತಿದ್ದರೆ ಮಾತ್ರ ಆಕ್ಸ್‌ಫರ್ಡ್ ಆರಿಸಿ, ಇಡೀ ದಿನ ಒಳಗೇ ಕಳೆಯಬಹುದು.