ಮಲೆನಾಡಿನ ಮಳೆಗೆ ಹೈಬ್ರಿಡ್ ಸೈಕಲ್: ಕೆಲವು ಮಳೆಗಾಲ ಕಳೆದ ಮೇಲಿನ ವಿಮರ್ಶೆ

ಸೈಕಲ್ ಕೊಂಡ ವಾರಕ್ಕೇ ಬರೆದ ವಿಮರ್ಶೆಗಳಿಂದ ನಮ್ಮ ಕಡೆಯವರಿಗೆ ಅಷ್ಟೇನೂ ಉಪಯೋಗವಿಲ್ಲ. ಹೊಸದರಲ್ಲಿ ಎಲ್ಲ ಸೈಕಲ್ಲೂ ಚೆನ್ನಾಗಿಯೇ ಓಡುತ್ತದೆ. ಆರಿದ್ರೆ, ಪುನರ್ವಸು, ಪುಷ್ಯ ಮೂರೂ ಮಳೆ ಸುರಿದು ಹೋದ ಮೇಲೆ ಬ್ರೇಕ್ ಹಿಡಿಯುತ್ತದಾ, ಗೇರ್ ಬೀಳುತ್ತದಾ ಅನ್ನುವುದು ಮುಖ್ಯ. ಅದಕ್ಕೇ ಇಷ್ಟು ತಡವಾಗಿ ಬರೆಯುತ್ತಿದ್ದೇನೆ.

ನನ್ನದು ಸಾಧಾರಣ ಹೈಬ್ರಿಡ್, ಅಂದರೆ ರೇಸ್ ಸೈಕಲ್ಲಿಗೂ ಗುಡ್ಡಗಾಡಿನ ಸೈಕಲ್ಲಿಗೂ ನಡುವಿನದು. ಅಲ್ಯೂಮಿನಿಯಂ ಫ್ರೇಮ್, ನೆಟ್ಟಗಿನ ಹ್ಯಾಂಡಲ್, ಸಸ್ಪೆನ್ಷನ್ ಇಲ್ಲದ ಫೋರ್ಕ್, 38 ಮಿ.ಮೀ. ಅಗಲದ ಟೈರ್, ಮುಂದೆ ಮೂರು ಹಿಂದೆ ಎಂಟು ಗೇರ್, ಕೇಬಲ್ ಎಳೆಯುವ ಡಿಸ್ಕ್ ಬ್ರೇಕ್. ಕಂಪನಿ ಹೆಸರು ಬೇಡ ಬಿಡಿ. ಇದೇ ಮಟ್ಟದ ಸೈಕಲ್ ಬೇರೆ ಬೇರೆ ಹೆಸರಲ್ಲಿ ಸಿಗುತ್ತದೆ, ಸ್ಟಿಕ್ಕರ್ ಕಿತ್ತರೆ ಯಾವುದು ಯಾರದ್ದು ಅಂತ ಹೇಳುವುದು ಕಷ್ಟ. ದಿನಾ ಶಿವಮೊಗ್ಗದ ವಿನೋಬನಗರದಿಂದ ಮಾಚೇನಹಳ್ಳಿಗೆ ಕೆಲಸಕ್ಕೆ ಹೋಗುತ್ತೇನೆ. ರಜೆಯಲ್ಲಿ ಗಾಜನೂರು, ಸಕ್ರೆಬೈಲು, ಮಂಡಗದ್ದೆ. ಮನಸ್ಸು ಬಂದರೆ ತೀರ್ಥಹಳ್ಳಿ ದಾಟಿ ಆಗುಂಬೆ.

ಸೈಕಲ್‌ಗೆ ಹತ್ತಕ್ಕೆ ಏಳು ಅಂಕ ಕೊಡುತ್ತೇನೆ. ಆಮೇಲೆ ಹಾಕಿಸಿದ ಸಾಮಾನಿಗೆ ಒಂಬತ್ತು. ನಮ್ಮಲ್ಲಿ ಜನ ಇದನ್ನು ಉಲ್ಟಾ ಮಾಡುತ್ತಾರೆ. ಇರುವ ದುಡ್ಡೆಲ್ಲ ಸೈಕಲ್‌ಗೇ ಹಾಕಿ, ಮಡ್‌ಗಾರ್ಡ್‌ಗೆ ಬಂದಾಗ ಚೌಕಾಸಿ ಶುರು ಮಾಡುತ್ತಾರೆ. ಮಲೆನಾಡಿನಲ್ಲಿ ಓಡಿಸುವವರು ಬಜೆಟ್‌ನ ಕಾಲು ಭಾಗ ಮಳೆಗೆ ಅಂತಲೇ ಎತ್ತಿಡಬೇಕು.

ಮಡ್‌ಗಾರ್ಡ್ ಅಂದರೆ ಸೀಟಿನ ಕೆಳಗೆ ಸಿಕ್ಕಿಸುವ ಚೋಟುದ್ದದ ಪ್ಲಾಸ್ಟಿಕ್ ಅಲ್ಲ. ಅದು ಬೆನ್ನಿಗೆ ಹಾರುವ ಕೆಸರನ್ನು ಅರ್ಧ ತಡೆಯುತ್ತದೆ, ಅಷ್ಟೇ. ಚಕ್ರವನ್ನು ಸುತ್ತುವರಿಯುವ, ಕಡ್ಡಿ ಕೊಟ್ಟು ಆಕ್ಸಲ್ ಹತ್ತಿರ ಬೋಲ್ಟ್ ಮಾಡುವ ಪೂರ್ತಿ ಉದ್ದದ ಮಡ್‌ಗಾರ್ಡ್ ಬೇಕು. ಜೊತೆಗೆ ಮುಂದಿನ ಮಡ್‌ಗಾರ್ಡ್ ತುದಿಗೆ ರಬ್ಬರ್ ಫ್ಲ್ಯಾಪ್ ಹಾಕಿಸಿ, ನೆಲಕ್ಕೆ ಒಂದು ಗೇಣು ಮೇಲೆ ಬರುವ ಹಾಗೆ. ಮುಂದಿನ ಚಕ್ರ ಎರಚುವ ಕೆಮ್ಮಣ್ಣಿನ ನೀರು ನೇರವಾಗಿ ಚೈನ್ ಮೇಲೆ, ಪೆಡಲ್ ಬೇರಿಂಗ್ ಮೇಲೆ, ನಿಮ್ಮ ಶೂ ಮೇಲೆ ಬೀಳುತ್ತದೆ. ಫ್ಲ್ಯಾಪ್ ಹಾಕಿದ ಮೇಲೆ ಚೈನ್ ತೊಳೆಯುವ ಕೆಲಸ ಎಷ್ಟೋ ಕಡಿಮೆಯಾಯಿತು. ಸೈಕಲ್ ಕೊಳ್ಳುವಾಗಲೇ ಫ್ರೇಮ್‌ನಲ್ಲಿ ಮಡ್‌ಗಾರ್ಡ್‌ಗೆ, ಹಿಂದಿನ ಕ್ಯಾರಿಯರ್‌ಗೆ ಬೋಲ್ಟ್ ತೂತು ಇದೆಯಾ ನೋಡಿ. ಇಲ್ಲದಿದ್ದರೆ ಎಷ್ಟೇ ಚಂದ ಇದ್ದರೂ ಬಿಟ್ಟು ಬನ್ನಿ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರುವಷ್ಟು ಜಾಗ ಇರಲಿ. ಹಳ್ಳಿ ರಸ್ತೆಯ ಅಂಟು ಮಣ್ಣು ಸಿಕ್ಕಿಕೊಂಡರೆ ಚಕ್ರ ತಿರುಗುವುದೇ ಇಲ್ಲ.

ಡಿಸ್ಕ್ ಬ್ರೇಕ್ ಬಗ್ಗೆ ನನಗೆ ಎರಡು ಮಾತಿಲ್ಲ. ರಿಮ್ ಹಿಡಿಯುವ ಬ್ರೇಕ್ ನೆನೆದರೆ ಮೊದಲು ನೀರು ಒರೆಸಬೇಕು, ಆಮೇಲೆ ಹಿಡಿಯಬೇಕು. ಅಷ್ಟರಲ್ಲಿ ಎದುರಿನ ಬಸ್ಸು ಹತ್ತಿರ ಬಂದಿರುತ್ತದೆ. ಮರಳು ಸೇರಿದ ನೀರು ರಿಮ್ಮನ್ನೇ ತಿನ್ನುತ್ತದೆ. ಡಿಸ್ಕ್‌ನಲ್ಲಿ ಆ ತೊಂದರೆ ಕಡಿಮೆ, ಆದರೆ ಪ್ಯಾಡ್ ಸವೆಯುತ್ತದೆ. ಸೈಕಲ್ ಜೊತೆ ಬರುವುದು ಸಾಮಾನ್ಯವಾಗಿ ರೆಸಿನ್ ಪ್ಯಾಡ್. ಸದ್ದಿಲ್ಲ, ಮೆತ್ತಗೆ ಹಿಡಿಯುತ್ತದೆ, ಕೆಸರಿನಲ್ಲಿ ಬೇಗ ಕರಗುತ್ತದೆ. ಸಿಂಟರ್ಡ್ ಅನ್ನುವ ಲೋಹದ ಪ್ಯಾಡ್ ಮಳೆಯಲ್ಲಿ ಜಾಸ್ತಿ ಬಾಳುತ್ತದೆ. ಒದ್ದೆಯಾದಾಗ ಮಾತ್ರ ಊರೆಲ್ಲ ತಿರುಗಿ ನೋಡುವಂತೆ ಕಿರುಚುತ್ತದೆ. ನನಗದು ಬೆಲ್ಲಿಗಿಂತ ಉಪಯೋಗಕ್ಕೆ ಬಂದಿದೆ. ಒಂದು ಎಚ್ಚರಿಕೆ: ಕೆಲವು ಡಿಸ್ಕ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಬಳಸಿ ಅಂತ ಕೆತ್ತಿರುತ್ತದೆ. ಅಂಥದ್ದಕ್ಕೆ ಲೋಹದ ಪ್ಯಾಡ್ ಹಾಕಿದರೆ ಡಿಸ್ಕೇ ಸವೆದು ಹೋಗುತ್ತದೆ, ಮೊದಲು ಡಿಸ್ಕ್ ಬದಲಾಯಿಸಬೇಕು.

ಕೇಬಲ್ ಡಿಸ್ಕ್ ಸಾಕಾ, ಹೈಡ್ರಾಲಿಕ್ ಬೇಕಾ? ಹೈಡ್ರಾಲಿಕ್‌ಗೆ ಬೆರಳಿನ ಶ್ರಮ ಕಡಿಮೆ, ಪ್ಯಾಡ್ ಸವೆದ ಹಾಗೆ ತಾನೇ ಹತ್ತಿರ ಬರುತ್ತದೆ. ಕೇಬಲ್ಲಿನದ್ದನ್ನು ನಾವೇ ತಿರುಪು ತಿರುಗಿಸಿ ಹತ್ತಿರ ತರಬೇಕು. ಆದರೆ ಮಂಡಗದ್ದೆಯಲ್ಲೋ ಕೋಣಂದೂರಿನಲ್ಲೋ ಕೇಬಲ್ ತುಂಡಾದರೆ ಯಾವುದಾದರೂ ಸೈಕಲ್ ಅಂಗಡಿಯಲ್ಲಿ ಹೇಗೋ ಹೊಂದಿಸಬಹುದು. ಆಯಿಲ್ ಸೋರಿದರೆ ಶಿವಮೊಗ್ಗಕ್ಕೆ ಬಸ್ ಹತ್ತಬೇಕು. ನಾನು ಕೇಬಲ್ಲಿಗೇ ನಿಂತಿದ್ದೇನೆ.

ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ಹೇರ್‌ಪಿನ್ ತಿರುವುಗಳಲ್ಲಿ ಬ್ರೇಕನ್ನು ಒತ್ತಿಕೊಂಡೇ ಇಳಿಯಬೇಡಿ. ಪ್ಯಾಡ್ ಕಾದು ಗಾಜಿನ ಹಾಗೆ ಹೊಳಪು ಹಿಡಿದು, ಹಿಡಿತ ಬಿಡುತ್ತದೆ. ತಿರುವಿಗೆ ಮೊದಲೇ ನೆಟ್ಟಗಿನ ರಸ್ತೆಯಲ್ಲಿ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ವಾಪಸ್ ಹತ್ತುವಾಗ ನನ್ನ ಅತಿ ಚಿಕ್ಕ ಗೇರ್ ಮುಂದೆ 28 ಹಲ್ಲು, ಹಿಂದೆ 32. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ ಸುಮಾರು 7 ಕಿ.ಮೀ. ನಿಧಾನ ಅನ್ನಿಸಬಹುದು. ಆದರೆ ಆ ವೇಗದಲ್ಲಿ ಮಂಡಿ ನೋಯದೆ ಮೇಲೆ ಬರುತ್ತೀರಿ. ಮುಂದೆ ಎರಡೇ ದೊಡ್ಡ ಹಲ್ಲುಚಕ್ರ ಇರುವ ರೇಸ್ ಸೈಕಲ್ ತಂದು ಇಲ್ಲಿ ಒದ್ದಾಡುವವರನ್ನು ನೋಡಿದ್ದೇನೆ.

ಮೊದಲು ಬಂದಿದ್ದ ಟೈರ್ ಭದ್ರಾವತಿ ರಸ್ತೆಯ ಗಾಜು, ಮುಳ್ಳಿಗೆ ತಡೆಯಲಿಲ್ಲ. ಈಗ ಶ್ವಾಲ್ಬೆ ಮ್ಯಾರಥಾನ್ ಹಾಕಿದ್ದೇನೆ. ಅದರೊಳಗೆ 3 ಮಿ.ಮೀ. ದಪ್ಪದ ರಬ್ಬರ್ ಪದರ ಇರುತ್ತದೆ. ಪಂಕ್ಚರ್ ಅನ್ನುವುದು ಅಪರೂಪವಾಗಿದೆ. ಇಂಥ ಟೈರುಗಳೆಲ್ಲ ಸ್ವಲ್ಪ ಭಾರ, ಬೆಲೆಯೂ ಜಾಸ್ತಿ. ಬೆಲೆ ಕೇಳಿದ ಪಂಕ್ಚರ್ ಅಂಗಡಿಯಣ್ಣ, "ಏನ್ ಸಾರ್, ಈ ದುಡ್ಡಿಗೆ ನನ್ ಅಂಗಡೀಲಿ ಎಷ್ಟ್ ಪಂಕ್ಚರ್ ಹಾಕ್ಸಬೋದಿತ್ತು ಗೊತ್ತಾ?" ಅಂದ. ಅವನ ಲೆಕ್ಕ ಅವನಿಗೆ. ಟ್ಯೂಬ್ ತಗೊಳ್ಳುವಾಗ ಬೈಕ್, ಕಾರಿನ ಥರದ ದಪ್ಪ ವಾಲ್ವ್ ಇರುವುದನ್ನೇ ತಗೊಳ್ಳಿ, ಪೆಟ್ರೋಲ್ ಬಂಕಿನಲ್ಲೂ ಗಾಳಿ ತುಂಬಬಹುದು. ರಿಮ್ಮಿನ ತೂತು ಸಣ್ಣದಿದ್ದರೆ ತೆಳ್ಳಗಿನ ಪ್ರೆಸ್ಟಾ ವಾಲ್ವೇ ಗತಿ, ಅದಕ್ಕೆ ಹಿತ್ತಾಳೆಯ ಪುಟ್ಟ ಅಡಾಪ್ಟರ್ ಒಂದು ಯಾವಾಗಲೂ ಚೀಲದಲ್ಲಿರಲಿ. ಮಳೆಯಲ್ಲಿ ಗಾಳಿ ಒಂದಿಷ್ಟು ಕಡಿಮೆ ಇಡಿ, ಹಿಡಿತ ಹೆಚ್ಚುತ್ತದೆ. ಆದರೂ ಮರದ ನೆರಳಲ್ಲಿ ಪಾಚಿ ಕಟ್ಟಿದ ಡಾಂಬರು, ರಸ್ತೆಯ ಬಿಳಿ ಪಟ್ಟಿ, ಬದಿಯಲ್ಲಿ ಸುರಿದು ಕೊಳೆತ ಅಡಿಕೆ ಸಿಪ್ಪೆ, ಈ ಮೂರರ ಮೇಲೆ ಯಾವ ಟೈರೂ ನಿಲ್ಲುವುದಿಲ್ಲ. ಅಲ್ಲಿ ಬ್ರೇಕೂ ಬೇಡ, ಹ್ಯಾಂಡಲ್ ತಿರುಗಿಸುವುದೂ ಬೇಡ.

ಚೈನಿಗೆ ಮಳೆಗಾಲದಲ್ಲಿ ವೆಟ್ ಲ್ಯೂಬ್ (ನೀರಿಗೆ ಬೇಗ ತೊಳೆದುಹೋಗದ ಎಣ್ಣೆ), ಬೇಸಿಗೆಯಲ್ಲಿ ಡ್ರೈ ಲ್ಯೂಬ್ (ಧೂಳು ಕಡಿಮೆ ಅಂಟುವ ಎಣ್ಣೆ). ಗ್ರೀಸ್ ಬಳಿಯಬೇಡಿ, ಮರಳು ಅಂಟಿ ಉಜ್ಜುಕಾಗದದ ಕೆಲಸ ಮಾಡುತ್ತದೆ. ಎಣ್ಣೆ ಬಿಟ್ಟ ಮೇಲೆ ಹೊರಗಿನದ್ದನ್ನು ಬಟ್ಟೆಯಲ್ಲಿ ಒರೆಸಿಬಿಡಿ. ಸವೆತ ನೋಡಲು ಮಕ್ಕಳ ಒಂದಡಿ ಸ್ಕೇಲ್ ಸಾಕು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಸರಿಯಾಗಿ 12 ಇಂಚು ಬರುತ್ತದೆ. ಇಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಂತೋ, ಚೈನ್ ಬದಲಾಯಿಸಿ. ಎಂಟನೇ ಒಂದು ಭಾಗ ಆಗುವವರೆಗೆ ಕಾದರೆ ಹಿಂದಿನ ಹಲ್ಲುಚಕ್ರವೂ ಹೋದಂತೆಯೇ.

ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಅಂತ ಅಂಗಡಿಯವರು ಹೇಳುವುದು ನಿಜ. ಆದರೆ ಬೋಲ್ಟುಗಳು ಕಬ್ಬಿಣದವು, ಅವು ಹಿಡಿಯುತ್ತವೆ. ಸೀಟಿನ ಕಂಬ ಫ್ರೇಮಿನೊಳಗೆ ಕಚ್ಚಿಕೊಂಡರೆ ಬಿಡಿಸುವುದು ದೊಡ್ಡ ರಾದ್ಧಾಂತ. ಮಳೆಗಾಲಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಕಂಬ ಹೊರಗೆಳೆದು ಒಳಗಿನ ನೀರು ಬಸಿದು ಗ್ರೀಸ್ ಹಚ್ಚಿ.

ಮಳೆ ಬಟ್ಟೆಯಲ್ಲಿ ಒಣಗಿರುವ ಆಸೆ ಬಿಡಿ. ದುಬಾರಿ ಜಾಕೆಟ್ ಒಳಗೂ ಬೆವರಿಗೆ ನೆನೆಯುತ್ತೀರಿ. ಬೆಚ್ಚಗಿದ್ದರೆ ಸಾಕು. ತೆಳು ಉಣ್ಣೆಯ ಬನಿಯನ್, ಮೇಲೆ ಗಾಳಿ ತಡೆಯುವ ಜಾಕೆಟ್ ಒಳ್ಳೆಯ ಜೋಡಿ. ನೆನೆದ ಉಣ್ಣೆಯೂ ಬೆಚ್ಚಗಿರುತ್ತದೆ ಅನ್ನುವುದು ಕಂಬಳಿ ಕೊಪ್ಪೆ ಹಾಕಿ ಗದ್ದೆಗಿಳಿಯುತ್ತಿದ್ದ ಅಜ್ಜಂದಿರಿಗೆ ಗೊತ್ತಿತ್ತು. ಆಫೀಸಿನ ಬಟ್ಟೆ ಬೆನ್ನಿಗೆ ಬೇಡ, ಕ್ಯಾರಿಯರ್‌ನ ಚೀಲದಲ್ಲಿ ದಪ್ಪ ಪ್ಲಾಸ್ಟಿಕ್ ಕವರ್‌ನೊಳಗೆ ಇರಲಿ.

ದೂರದ ಸವಾರಿಗೆ ಇದು ಆಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. ಆಗುತ್ತದೆ. 200 ಕಿ.ಮೀ. ಬ್ರೆವೆಗೆ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗೆ, 13 ಗಂಟೆ 30 ನಿಮಿಷ ಸಮಯ ಕೊಡುತ್ತಾರೆ. ತಿಂಡಿ, ಪಂಕ್ಚರ್ ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಬಿದ್ದರೆ ಮುಗಿಯುತ್ತದೆ. ಶಿವಮೊಗ್ಗದಿಂದ ಆಗುಂಬೆಗೆ ಹೋಗಿ ಬಂದರೆ ಹತ್ತಿರ ಹತ್ತಿರ 180 ಕಿ.ಮೀ., ಒಳ್ಳೆ ತಾಲೀಮು. ಇಲ್ಲಿ ಸೈಕಲ್‌ನ ಕೊರತೆ ಒಂದೇ: ನೆಟ್ಟಗಿನ ಹ್ಯಾಂಡಲ್‌ನಲ್ಲಿ ಕೈ ಇಡಲು ಒಂದೇ ಜಾಗ, ಅಂಗೈ ಜೋಮು ಹಿಡಿಯುತ್ತದೆ. ಹ್ಯಾಂಡಲ್ ತುದಿಗೆ ಕೊಂಬು ಹಾಕಿಸಿದ ಮೇಲೆ ಸುಮಾರಾಗಿ ಸರಿಹೋಯಿತು. ಜೊತೆಗೆ ಬಂದ ಮೆತ್ತನೆಯ ಅಗಲ ಸೀಟು ಒಂದು ಗಂಟೆಗೆ ಸುಖ, ಮೂರನೇ ಗಂಟೆಗೆ ಶಿಕ್ಷೆ. ಸ್ವಲ್ಪ ಗಟ್ಟಿ ಸೀಟು, ಪ್ಯಾಡ್ ಇರುವ ಚಡ್ಡಿ ಇರಲಿ. ಅದರೊಳಗೆ ಒಳಚಡ್ಡಿ ಹಾಕಬಾರದು, ಹೊಲಿಗೆ ಉಜ್ಜಿ ಗಾಯವಾಗುತ್ತದೆ.

ತಿನ್ನುವುದು ಹಸಿವಾಗುವ ಮೊದಲೇ. ಗಂಟೆಗೆ ಒಂದು ದೊಡ್ಡ ಬಾಳೆಹಣ್ಣು, ಜೊತೆಗೆ ಒಂದೆರಡು ಶೇಂಗಾ ಚಿಕ್ಕಿ. ಮಳೆಯ ಸೆಕೆಗೂ ಬೆವರು ಹೋಗುತ್ತದೆ, ಆದರೆ ಗೊತ್ತಾಗುವುದಿಲ್ಲ. ಒಂದು ಬಾಟಲಿಗೆ ಓಆರ್‌ಎಸ್ ಹಾಕಿಕೊಳ್ಳಿ, ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ.

ಮುಂದಿನ ಖರ್ಚು ಲೈಟಿಗೆ. ಈಗಿರುವುದು ಚಾರ್ಜಿಂಗ್ ಟಾರ್ಚ್ ಥರದ್ದು. ಪೂರ್ತಿ ಬೆಳಕಿಗೆ ಇಟ್ಟರೆ ಬೇಗ ಮುಗಿಯುತ್ತದೆ, ಎದುರಿನವರ ಕಣ್ಣಿಗೂ ಕುಕ್ಕುತ್ತದೆ. ಸಕ್ರೆಬೈಲು ದಾಟಿದ ಮೇಲೆ ಕಾಡಿನ ರಸ್ತೆಯಲ್ಲಿ ಸಂಜೆ ಬೇಗ ಕತ್ತಲಾಗುತ್ತದೆ. ಮುಂದಿನ ಚಕ್ರದ ಹಬ್ಬಿನೊಳಗೇ ಇರುವ 6 ವೋಲ್ಟ್, 3 ವ್ಯಾಟ್ ಡೈನಮೋ ಹಾಕಿಸಬೇಕು ಅಂತಿದ್ದೇನೆ. ಚಕ್ರವನ್ನೇ ಹೊಸದಾಗಿ ಕಟ್ಟಿಸಬೇಕಾಗುತ್ತದೆ. ಶಿವಮೊಗ್ಗದಲ್ಲಿ ಕಡ್ಡಿ ಹೆಣೆದು ಚಕ್ರ ಕಟ್ಟುವ ಹಳೆಯ ಮೇಸ್ತ್ರಿಗಳು ಯಾರಾದರೂ ಇದನ್ನು ಮಾಡಿಕೊಟ್ಟಿದ್ದರೆ ತಿಳಿಸಿ.