ಇಂಗಳದಾಳದ ಹೆಸರು ಹೇಳಿ ಮೈಲುತುತ್ತ ಮಾರ್ತಿದಾನೆ, ಹುಷಾರು

ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ. ಎರಡು ವಾರ ಬಾಯಿ ಮುಚ್ಕೊಂಡೇ ಇದ್ದೆ. ನಿನ್ನೆ ರಾಯಚೂರಿನ ಗೆಳೆಯನೊಬ್ಬ ಒಂದು ಫೋಟೊ ಕಳಿಸಿ "ತಗೊಳ್ಲೇನು?" ಅಂತ ಕೇಳಿದ. ಕಪ್ಪು ಟವೆಲ್ಲಿನ ಮೇಲೆ ನೀಲಿ ಹರಳು. ಹರಳು ಬೇರೆ ಇರಬಹುದು, ಟವೆಲ್ಲು ಮಾತ್ರ ನನಗೆ ಇಂಥದೇ ಹರಳು ಮಾರಿ ಟೋಪಿ ಹಾಕಿದವನದೇ. ಅಂಚಿನಲ್ಲಿ ಸಿಗರೇಟು ಸುಟ್ಟ ತೂತು ಸಹಿತ ಅದೇ. ಅದಕ್ಕೇ ಬರೀತಿದೀನಿ.

ನಾನು ಕೊಪ್ಪಳದವನು. ಗಿಣಿಗೇರಾ ಕಡೆ ಕಾರ್ಖಾನೆ ಲ್ಯಾಬ್‌ನಲ್ಲಿ ಅದಿರಿನ ಸ್ಯಾಂಪಲ್ ಟೆಸ್ಟ್ ಮಾಡೋ ಕೆಲಸ. ಹೌದು, ನಗ್ರಿ. ಅದಿರು ಟೆಸ್ಟ್ ಮಾಡೋನಿಗೇ ಕಲ್ಲಿನಲ್ಲಿ ಟೋಪಿ ಹಾಕಿದಾರೆ. ಹನ್ನೊಂದು ವರ್ಷದಿಂದ ಕಲ್ಲು ಕೂಡಿಡೋ ಹುಚ್ಚು ನನಗೆ. ಸಂಡೂರಿನ ಹೆಮಟೈಟ್ ಇದೆ, ಜಳಗಾಂವ್ ಕಡೆಯ ಅಪೋಫಿಲೈಟ್ ಇದೆ, ಪುಣೆ ಹತ್ರದ ವಾಘೋಲಿ ಕ್ವಾರಿಯ ಕಾವನ್ಸೈಟ್ ಒಂದು ಚೂರು ಇದೆ. ಇಲ್ಲದಿದ್ದದ್ದು ಚಾಲ್ಕಾಂಥೈಟ್. ತಾಮ್ರದ ಗಣಿಯೊಳಗೆ ಜಿನುಗೋ ನೀರು ಗೋಡೆ ಮೇಲೆ ಒಣಗಿ ಕಟ್ಟೋ ನೀಲಿ ಖನಿಜ. ನೀರು ಬಿದ್ದರೆ ಕರಗಿ ಹೋಗತ್ತೆ, ಅದಕ್ಕೇ ಒಳ್ಳೆ ಹರಳು ಸಿಗೋದು ಕಷ್ಟ. ಚಿಲಿಯ ಚುಕಿಕಮಾಟ, ಅಮೆರಿಕದ ಬಿಸ್ಬೀ ಇಂಥ ಗಣಿಗಳ ತುಣುಕುಗಳನ್ನ ಫೋಟೊದಲ್ಲಿ ನೋಡಿ ಬಾಯಿ ಚಪ್ಪರಿಸ್ತಿದ್ದೆ, ಅಷ್ಟೆ.

ಈ ಹರಳು ಮಾರೋ ಮನುಷ್ಯ ವಾಟ್ಸಾಪ್‌ಗೆ ಬಂದಾಗ ಹೇಳಿದ ಕತೆ ಇದು: "ಚಿತ್ರದುರ್ಗದ ಇಂಗಳದಾಳದ ಹಳೇ ಗಣಿದು ಸರ. ನಮ್ಮಪ್ಪಾರು ಅಲ್ಲಿ ಕೆಲಸಕ್ಕಿದ್ರು. ಗಣಿ ಮುಚ್ಚೋಕಿಂತ ಮೊದ್ಲು ಗೋಡಿಂದ ಬಿಡಿಸಿ ಟ್ರಂಕಿನ್ಯಾಗ ಇಟ್ಟಿದ್ರು." ಇಂಗಳದಾಳದಲ್ಲಿ ತಾಮ್ರದ ಗಣಿ ಇದ್ದದ್ದು ನಿಜ, ಅದು ಮುಚ್ಚಿದ್ದೂ ನಿಜ. ಅಪ್ಪ, ಟ್ರಂಕು. ನನ್ನ ಮನಸ್ಸು ಅಲ್ಲೇ ಅರ್ಧ ಕರಗಿತ್ತು.

ಬಳ್ಳಾರಿ ಬಸ್ ಸ್ಟ್ಯಾಂಡ್ ಹತ್ರ ಹೋಟೆಲ್‌ನಲ್ಲಿ ಭೇಟಿ. ಒಗ್ಗರಣಿ ಮಿರ್ಚಿ ತರಿಸಿದ್ದೂ ನಾನೇ, ಬಿಲ್ ಕೊಟ್ಟಿದ್ದೂ ನಾನೇ. ಒಂಬತ್ತು ಸಾವಿರದಿಂದ ಶುರು ಮಾಡಿದ, 6,500ಕ್ಕೆ ಇಳಿದ. ಹೆಬ್ಬೆರಳಿನಷ್ಟು ದೊಡ್ಡ ಹರಳು, ಅಂಚು ಬ್ಲೇಡಿನ ಹಾಗೆ, ಅಡಿಯಲ್ಲಿ ಬೂದು ಬಣ್ಣದ ತಳಗಲ್ಲು. ಕೊಡೋವಾಗ ಎರಡು ಮಾತು ಹೇಳಿದ. "ನೀರು ಮುಟ್ಟಿಸಬ್ಯಾಡ್ರಿ ಸರ, ಕರಗತೈತಿ." ಎರಡನೇದು, "ಬೇಕಾದ್ರ ನಿಮ್ಮ ಲ್ಯಾಬಿನ್ಯಾಗ ಟೆಸ್ಟ್ ಮಾಡ್ಸ್ರಿ, ಫೇಲ್ ಆದ್ರ ರೊಕ್ಕ ವಾಪಸ್." ಇಷ್ಟು ಹೇಳೋನು ಮೋಸ ಮಾಡ್ತಾನಾ ಅಂದ್ಕೊಂಡೆ. ಅಲ್ಲೇ ಫೋನ್‌ಪೇ ಮಾಡಿದೆ.

ಮರುದಿನ ಟೆಸ್ಟೂ ಮಾಡಿದೆ ಮಾರಾಯ್ರೇ! ಕೆರೆದು ಚಿಟಿಕೆ ಪುಡಿ ತೆಗೆದು ಬಿಸಿ ಮಾಡಿದೆ, ನೀಲಿ ಹೋಗಿ ಬೆಳ್ಳಗಾಯ್ತು. ಒಂದು ಹನಿ ನೀರು ಬಿಟ್ಟೆ, ಮತ್ತೆ ನೀಲಿ. ಖುಷಿಯಿಂದ ಜೂನಿಯರ್ ಹುಡುಗರನ್ನ ಕರೆದು ತೋರಿಸಿದೆ. ಆ ಹುಡುಗರ ಮುಖ ಈಗ ನೋಡೋಕೆ ಆಗ್ತಿಲ್ಲ. ಯಾಕಂದ್ರೆ ಆ ಟೆಸ್ಟ್ ಫೇಲ್ ಆಗೋದೇ ಇಲ್ಲ! ಗಣಿ ಗೋಡೆ ಮೇಲೆ ಬೆಳೆದರೂ ತಾಮ್ರದ ಸಲ್ಫೇಟೇ, ಅಂದ್ರೆ ಮೈಲುತುತ್ತವೇ, ಅಡುಗೆಮನೆ ಚೊಂಬಿನಲ್ಲಿ ಬೆಳೆಸಿದರೂ ತಾಮ್ರದ ಸಲ್ಫೇಟೇ. ಅದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಹೈಸ್ಕೂಲಿನಿಂದ ಗೊತ್ತಿತ್ತು. ಆದರೂ ಆ ಹೊತ್ತಿಗೆ ಹೊಳೀಲಿಲ್ಲ.

ಶೋಕೇಸಿನಲ್ಲಿ ಇಟ್ಟೆ. ಭಾನುವಾರ ಕುಷ್ಟಗಿ ಕಡೆಯಿಂದ ಸೋದರಮಾವ ಬಂದ. ನಾಲ್ಕು ಎಕರೆ ದಾಳಿಂಬೆ ಇದೆ ಅವನಿಗೆ. ಚಪ್ಪಲಿ ಬಿಟ್ಟು ಒಳಗೆ ಬಂದವನೇ, "ಏನೋ ಅಳಿಯಾ, ಮೈಲುತುತ್ತ ತಂದು ಶೋಕೇಸಿನ್ಯಾಗ ಇಟ್ಟೀಯಲ್ಲ! ಹುಡುಗ್ರು ಬಾಯಾಗ ಹಾಕ್ಕೊಂಡ್ರ ಏನ್ ಗತಿ?"

"ಮಾವಾ, ಇದು ಮೈಲುತುತ್ತ ಅಲ್ಲ. ಅಂದ್ರ ಹೌದು, ಆದ್ರ ಗಣಿದು."

"ಎಷ್ಟು ಕೊಟ್ಟಿ?"

ಒಂದು ಸೊನ್ನೆ ನುಂಗಿ "ಆರ್ನೂರೈವತ್ತು" ಅಂದೆ.

"ಅಷ್ಟಕ್ಕ ಗೊಬ್ಬರದಂಗಡಿಯಾಗ ಎರಡು ಕಿಲೋ ಬರ್ತಿತ್ತಲ್ಲೋ!"

ದುಂಡಾಣು ಅಂಗಮಾರಿ ರೋಗಕ್ಕೆ ಹೆದರಿ ಗಿಡಕ್ಕೆ ಹೊಡೆಯೋ ಬೋರ್ಡೋ ದ್ರಾವಣ ಮಾಡೋ ರೈತ ಅವನು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಆ ನೀಲಿ ಅವನ ಉಗುರಿನ ಸಂದಿಯಲ್ಲೇ ಇರತ್ತೆ. ನಾನು ಇನ್ನೂ ಚಿಲಿ, ಬಿಸ್ಬೀ ಅಂತ ಪುರಾಣ ಹೇಳ್ತಾನೇ ಇದ್ದೆ, ಅವನು ಕಲ್ಲನ್ನ ಬೆಳಕಿಗೆ ಹಿಡಿದು ಕೇಳಿದ: "ಇದರಾಗ ದಾರ ಯಾಕ ಐತಿ?"

ದಾರ.

ಲೂಪ್, ಅಂದ್ರೆ ಕಲ್ಲು ನೋಡೋ ಸಣ್ಣ ಭೂತಗನ್ನಡಿ, ತಂದು ನೋಡಿದೆ. ಹರಳಿನ ಬುಡದಲ್ಲಿ, ಒಳಗೆ, ಐಸಿನಲ್ಲಿ ಕೂದಲು ಸಿಕ್ಕ ಹಾಗೆ ಬಿಳಿ ಹೊಲಿಗೆ ದಾರದ ತುಂಡು. ಸಣ್ಣ ಹರಳು ದಾರಕ್ಕೆ ಕಟ್ಟಿ ದ್ರಾವಣದಲ್ಲಿ ಇಳಿಬಿಟ್ಟು ಬೆಳೆಸಿದ್ದು. ದಾರ ಕತ್ತರಿಸಿ, ಆ ಕಡೆಯನ್ನೇ ಕಲ್ಲಿಗೆ ಅಂಟಿಸಿದಾನೆ. ಸುತ್ತ ಸಣ್ಣಗೆ ಬಿಳಿ ಮಂಜು, ಅದು ಖನಿಜ ಅಂದ್ಕೊಂಡಿದ್ದೆ, ಫೆವಿಕ್ವಿಕ್ ಒಣಗಿದಾಗ ಬಿಡೋ ಬಿಳುಪು ಅದು. ಇನ್ನು ತಳಗಲ್ಲು. ಇದು ಬರೆಯೋಕೆ ಕೈ ಬರ್ತಿಲ್ಲ. ತಿಳಿಗೆಂಪು ಚುಕ್ಕಿ, ಕಪ್ಪು ಅಭ್ರಕದ ಮಿಣಮಿಣ. ಗ್ರಾನೈಟ್. ಕ್ರಷರಿನ ಜಲ್ಲಿ! ಇಂಗಳದಾಳದ ಕಲ್ಲು ಕಪ್ಪು ಹಸಿರು ಛಾಯೆಯದು, ಇದರಲ್ಲಿ ತಾಮ್ರದ ಅದಿರಿನ ಒಂದು ಕಣವೂ ಇಲ್ಲ. ದಿನಾ ಬೆಳಿಗ್ಗೆ ಗವಿಮಠದ ಗುಡ್ಡ ನೋಡ್ಕೊಂಡು ಡ್ಯೂಟಿಗೆ ಹೋಗೋನಿಗೆ ಗ್ರಾನೈಟ್ ಗುರ್ತು ಹತ್ತಲಿಲ್ಲ. ನೀಲಿ ಒಂದೇ ನೋಡಿದೆ ನಾನು. ನೀಲಿ ಒಂದೇ.

ಅವನಿಗೆ ಮೆಸೇಜ್ ಹಾಕಿದೆ. ಉತ್ತರಗಳನ್ನ ಹಾಗೇ ಹಾಕ್ತೀನಿ, ನೀವೇ ನೋಡಿ.

ದಾರದ ಬಗ್ಗೆ: "ಗಣಿಯಾಗ ಕೆಲಸದವರ ಬಟ್ಟಿ ನೂಲು ಇರಬಹುದು ಸರ."

ಇದು ನ್ಯಾಚುರಲ್ ಅಲ್ಲ ಅಂದಿದ್ದಕ್ಕೆ: "ನ್ಯಾಚುರಲ್ ಅಂದ್ರೇನ್ ಸರ? ಹರಳು ತಾನೇ ಬೆಳದೈತಿ, ನಾನೇನ್ ಕೆತ್ತೀನೇನು?"

ಜಲ್ಲಿ ಬಗ್ಗೆ: ಉತ್ತರ ಇಲ್ಲ, ಕೈ ಮುಗಿಯೋ ಚಿತ್ರ ಒಂದು.

ದುಡ್ಡು ವಾಪಸ್ ಕೇಳಿದ್ದಕ್ಕೆ: "ಟೆಸ್ಟಿನ್ಯಾಗ ಪಾಸ್ ಆಗೇತಿ ಅಂತ ನೀವೇ ಮೆಸೇಜ್ ಹಾಕೀರಲ್ಲ ಸರ."

ಹಾಕಿದ್ದೆ. ಥ್ಯಾಂಕ್ಸ್ ಅಂತಲೂ ಹಾಕಿದ್ದೆ.

ಕೊನೆಗೆ, "ಕಾವನ್ಸೈಟ್ ಐತಿ ಸರ, ಎಕ್ಸ್‌ಚೇಂಜ್ ಮಾಡೂಣು, ಮ್ಯಾಲ 2,000 ಕೊಡ್ರಿ" ಅಂದ. ನಾನು ಬೈದೆ. ಆಮೇಲೆ ಅವನ ಡಿಪಿ ಕಾಣಿಸ್ತಿಲ್ಲ, ಕಾಲ್ ಹೋಗ್ತಿಲ್ಲ. ಸೈಬರ್ ವಂಚನೆ ದೂರಿನ 1930ಕ್ಕೆ ಫೋನ್ ಮಾಡು ಅಂತಾಳೆ ಹೆಂಡತಿ. ಏನಂತ ಹೇಳಲಿ? ಕಣ್ಣಾರೆ ನೋಡಿ, ಮಿರ್ಚಿ ತಿನ್ನಿಸಿ ತಗೊಂಡಿದೀನಿ ಅಂತಲಾ?

ತಗೊಳ್ಳೋರಿಗೆ ಇಷ್ಟೇ ಹೇಳ್ತೀನಿ. ಗಣಿಯ ಚಾಲ್ಕಾಂಥೈಟ್ ಸಾಮಾನ್ಯವಾಗಿ ಗೋಡೆಗೆ ಹತ್ತಿದ ಪದರ, ಇಲ್ಲಾ ಕೂದಲಿನ ಹಾಗೆ ಸುರುಳಿ ಎಳೆ. ಹೆಬ್ಬೆರಳಿನಷ್ಟು ಚೊಕ್ಕ ಹರಳು ತೋರಿಸಿದ್ರೆ ಅವನ ಕೈಗೆ ವಾಪಸ್ ಕೊಟ್ಟು ಎದ್ದು ಬನ್ನಿ. ಹರಳು ಆಮೇಲೆ ನೋಡಿ, ಮೊದಲು ಕಲ್ಲು ಮಗುಚಿ ಅಡಿ ನೋಡಿ. "ಟೆಸ್ಟ್ ಮಾಡ್ಸ್ರಿ" ಅಂತ ಅವನಾಗೇ ಹೇಳಿದ್ರೆ ಇನ್ನೂ ಹುಷಾರು. ಮತ್ತೆ ಬಿಲ್ ಅವನೇ ಕೊಡಲಿ.

ರಾಯಚೂರಿನ ಗೆಳೆಯನಿಗೆ ಅವನು ಇದೇ ಸರಕನ್ನ ಹಟ್ಟಿ ಚಿನ್ನದ ಗಣಿ ಕಡೆದು ಅಂತ ಹೇಳಿದಾನೆ. ಅಪ್ಪ ಅಲ್ಲೂ ಕೆಲಸ ಮಾಡಿದ್ನಂತೆ.

ತಳಗಲ್ಲು, ಫೋಟೊ ನನ್ನ ಹತ್ರ ಇವೆ. ಹರಳನ್ನ ಮಾವ ಅವತ್ತೇ ಕಿತ್ಕೊಂಡು ಕವರಿಗೆ ಹಾಕ್ಕೊಂಡು ಹೋದ. ಬುಧವಾರ ಫೋನ್ ಮಾಡಿದ್ದ: "ಅಳಿಯಾ, ನಿನ್ನ ಗಣಿ ದಾರ ಸ್ಪ್ರೇಯರ್ ನಾಝಲ್ಲಿನ್ಯಾಗ ಸಿಕ್ಕೊಂಡೈತಿ ನೋಡಪಾ."